ತೊಂಡಾಮುತ್ತೂರಿನಿಂದ ದಿಂಬಂ ಘಟ್ಟದಾಚೆಗೆ

ಬೇಸಿಗೆಯ ರಜೆ ಬಂದಿತೆಂದರೆ ಎಳೆಯ ಮಕ್ಕಳಿರುವ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಈ ಸಲ ಎಲ್ಲಿಗೆ ಹೋಗುವುದು? ಕೊಯಮತ್ತೂರಿನ ಸುತ್ತಮುತ್ತಲಿನವರಿಗೆ ಇದಕ್ಕೆ ಸಿದ್ಧವಾದ ಉತ್ತರವೂ ಒಂದೇ: ಊಟಿ. ಆದರೆ ಮೇ ತಿಂಗಳಿನಲ್ಲಿ ಆ ಬೆಟ್ಟದ ರಸ್ತೆಯ ಪಾಡನ್ನು ಕಂಡವರೇ ಬಲ್ಲರು. ವಾಹನಗಳ ದಟ್ಟಣೆ ಮಿತಿಮೀರಿದ್ದರಿಂದ 2024ರ ಮೇ ತಿಂಗಳಿನಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ನೀಲಗಿರಿಗೂ ಕೊಡೈಕಾನಲ್ಲಿಗೂ ಹೋಗುವವರು ಇ-ಪಾಸ್ ಪಡೆಯಬೇಕೆಂಬ ನಿಯಮವೇ ಜಾರಿಗೆ ಬಂದಿತು. ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಮೊಣಕಾಲು ನೋವಿನ ಅತ್ತೆಯವರು, ಇಷ್ಟು ಮಂದಿಯನ್ನು ಕಟ್ಟಿಕೊಂಡು ಆ ಸಂದಣಿಯಲ್ಲಿ ನಿಲ್ಲುವುದಕ್ಕಿಂತ, ಮಕ್ಕಳು ಇನ್ನೂ ಕಣ್ತೆರೆದು ನೋಡದಿರುವ ಹತ್ತಿರದ ಸ್ಥಳಗಳನ್ನು ಮೊದಲು ತೋರಿಸುವುದೇ ಲೇಸೆಂದು ನಾವು ನಿಶ್ಚಯಿಸಿದೆವು.

ಹತ್ತಿರವೆಂದ ಮಾತ್ರಕ್ಕೆ ಅದು ಅಲ್ಪವೆಂದಲ್ಲ. ನಮ್ಮ ತೊಂಡಾಮುತ್ತೂರು ಕೊಯಮತ್ತೂರಿನ ಪಶ್ಚಿಮಕ್ಕೆ, ವೆಳ್ಳಿಯಂಗಿರಿ ಬೆಟ್ಟಗಳ ನೆರಳಿನಲ್ಲಿರುವ ಸೀಮೆ. ತೆಂಗು, ಅಡಿಕೆ, ಬಾಳೆಗಳ ತೋಟಗಳು. ಬೆಳಿಗ್ಗೆ ಬಾಗಿಲು ತೆಗೆದರೆ ನೀಲಿ ಬೆಟ್ಟಗಳ ಸಾಲು. ರಾತ್ರಿ ತೋಟಕ್ಕೆ ಆನೆ ಇಳಿದೀತೆಂಬ ಅಂಜಿಕೆ. ಮೈಸೂರು ಸೀಮೆಯಿಂದ ಹಿಂದೆ ಎಂದೋ ಇಳಿದು ಬಂದ ಒಕ್ಕಲಿಗರ ಮನೆಗಳೂ ದೇವಾಂಗ ನೇಕಾರರ ಮನೆಗಳೂ ಈ ಜಿಲ್ಲೆಯಲ್ಲಿ ಬಹಳವಾಗಿವೆ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ತಮಿಳು ಇಲ್ಲವೆ ಇಂಗ್ಲಿಷ್, ಹೊಸಿಲು ದಾಟಿ ಒಳಕ್ಕೆ ಬಂದರೆ ಕನ್ನಡ. ತಲೆಮಾರುಗಳಿಂದ ಇದು ಹೀಗೆಯೇ ನಡೆದು ಬಂದಿದೆ.

ಕಳೆದ ಮಾರ್ಚಿಯಲ್ಲಿ ಒಂದು ದಿನ ಮಗಳು ಶಾಲೆಯಿಂದ ಬಂದವಳು ಸಹಜವಾಗಿ ಹೇಳಿದಳು: "ನಮ್ಮ ಮನೆ ಮಾತಿಗೆ ಅಕ್ಷರ ಇಲ್ಲ ಅಂತ ನನ್ನ ಸ್ನೇಹಿತೆಗೆ ಹೇಳಿದೆ. ಅದು ಬರೀ ಅಜ್ಜಿ ಹತ್ತಿರ ಮಾತಾಡೋದಕ್ಕೆ." ಅವಳ ಮಾತಿನಲ್ಲಿ ತಾತ್ಸಾರವಿರಲಿಲ್ಲ; ತಾನು ಕಂಡುದನ್ನು ಆಡಿದಳು. ಈ ಮಾಸಪತ್ರಿಕೆ ತಿಂಗಳು ತಿಂಗಳು ಮನೆಗೆ ಬರುತ್ತದೆಯಾದರೂ ಅದು ದೊಡ್ಡವರ ಕೈಯ ವಸ್ತು. ಅವಳ ಕಣ್ಣಿಗೆ ಬೀಳುವ ಅಂಗಡಿಯ ಹಲಗೆ, ಬಸ್ಸಿನ ಫಲಕ, ಬಿಸ್ಕತ್ತಿನ ಪೊಟ್ಟಣ ಯಾವುದರಲ್ಲಿಯೂ ಅಜ್ಜಿಯ ಮಾತು ಬರೆದಿರಲಿಲ್ಲ. ಮರುದಿನವೇ ನಮ್ಮ ಯಜಮಾನರು ಒಂದು ಸ್ಲೇಟು ತಂದರು. ಸಂಜೆಗೆ ಅರ್ಧ ಗಂಟೆಯಂತೆ ಅಕ್ಷರಾಭ್ಯಾಸ ಆರಂಭವಾಯಿತು. ಆ ಅಕ್ಷರಗಳು ಗೋಡೆಯ ಮೇಲೆ, ರಸ್ತೆಯ ಮೇಲೆ, ಅಂಗಡಿಯ ಮೇಲೆ ಬದುಕಿರುವುದನ್ನು ತೋರಿಸಬೇಕೆಂಬ ಆಸೆಯೂ ಆಗಲೇ ಹುಟ್ಟಿತು. ಬೇಸಿಗೆಯ ಪ್ರವಾಸದ ಕೊನೆಯ ಗುರಿ ಹೀಗೆ ಗೊತ್ತಾಯಿತು.

ಮೊದಲನೆಯ ದಿನ ಪೇರೂರು. ನೊಯ್ಯಲ್ ನದಿಯ ದಡದಲ್ಲಿರುವ ಪಟ್ಟೀಶ್ವರನ ದೇವಾಲಯಕ್ಕೆ ನಾವು ಹಲವು ಸಲ ಹೋಗಿದ್ದೆವಾದರೂ ಮಕ್ಕಳ ಜೊತೆಗೆ ನೋಡುವುದೇ ಬೇರೆ. ದೊಡ್ಡವರು ಗರ್ಭಗುಡಿಯತ್ತ ನಡೆದರೆ ಮಕ್ಕಳು ಕಂಬಗಳ ಬಳಿ ನಿಲ್ಲುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಮಧುರೆಯ ನಾಯಕರ ಕಾಲದಲ್ಲಿ ಕಟ್ಟಿದ ಕನಕಸಭೆಯ ಕಲ್ಲಿನ ಸರಪಳಿಯನ್ನು ಕಂಡು ಮಗನು, "ಕಲ್ಲಿಗೆ ಗಂಟು ಹಾಕಿದ್ದು ಯಾರು?" ಎಂದು ಕೇಳಿದನು. ಒಂದೇ ಬಂಡೆಯಲ್ಲಿ ಬಳೆಬಳೆಯಾಗಿ ಕಡೆದ ಕೆಲಸವೆಂದು ತಿಳಿಸಿದ ಮೇಲೂ ಅವನಿಗೆ ನಂಬಿಕೆ ಬರಲಿಲ್ಲ. ಪೇರೂರಿನಲ್ಲಿ ಎರಡು ಮರಗಳ ಕಥೆಯನ್ನು ಹೇಳುತ್ತಾರೆ. ಒಂದು 'ಪಿರವಾಪ್ಪುಳಿ', ಬೀಜ ಮೊಳೆಯದ ಹುಣಿಸೆ. ಇನ್ನೊಂದು 'ಇರವಾಪ್ಪನೈ', ಸಾವಿಲ್ಲದ ಪನೆಮರ. ಹುಟ್ಟೂ ಸಾವೂ ಇಲ್ಲದ ಸ್ಥಳವೆಂಬ ತತ್ತ್ವ ಮಕ್ಕಳಿಗೆ ಬೇಕಿರಲಿಲ್ಲ. 'ಪುಳಿ' ಎಂದರೆ ನಮ್ಮ 'ಹುಳಿ' ಎಂಬುದು ಮಗಳಿಗೆ ಹೊಳೆದದ್ದೇ ದೊಡ್ಡ ಸಂಗತಿಯಾಯಿತು.

ಅಲ್ಲಿಂದ ಒಂದು ಆಟವೇ ಹುಟ್ಟಿಕೊಂಡಿತು. ತಮಿಳಿನ 'ಪ'ಕಾರ ಕನ್ನಡದಲ್ಲಿ 'ಹ'ಕಾರವಾಗುವುದು ಪಂಡಿತರು ಬಲ್ಲ ವಿಷಯ. ಹಳಗನ್ನಡದಲ್ಲಿ ನಮಗೂ 'ಪ'ಕಾರವೇ ಇದ್ದಿತು. ಪಾಲ್ ಎಂದರೆ ಹಾಲು, ಪೂ ಎಂದರೆ ಹೂ, ಪುಲಿ ಎಂದರೆ ಹುಲಿ, ಪಾಂಬು ಎಂದರೆ ಹಾವು, ಪತ್ತು ಎಂದರೆ ಹತ್ತು. ಪ್ರವಾಸವೆಲ್ಲ ಕಾರಿನ ಹಿಂಬದಿಯಲ್ಲಿ ಇದೇ ನಡೆಯಿತು. ಮಗನು ಅತ್ಯುತ್ಸಾಹದಿಂದ ಪಾಟ್ಟಿಯನ್ನು 'ಹಾಟ್ಟಿ' ಎಂದು ಕರೆದಾಗ ಅತ್ತೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಅವು ಜಗಳವಾಡುವ ಸವತಿಯರಲ್ಲ, ಒಡಹುಟ್ಟಿದವರು ಎಂಬುದನ್ನು ಯಾವ ಉಪದೇಶಕ್ಕಿಂತಲೂ ಈ ಆಟವೇ ಚೆನ್ನಾಗಿ ತಿಳಿಸಿತೆಂದು ನಮಗೆ ತೋರುತ್ತದೆ.

ಪೇರೂರಿನ ಮೆಟ್ಟಿಲುಗಳಿಂದ ನೋಡಿದರೆ ನೊಯ್ಯಲ್ ಬೇಸಿಗೆಯಲ್ಲಿ ಸಣಕಲಾಗಿತ್ತು. ವೆಳ್ಳಿಯಂಗಿರಿಯಲ್ಲಿ ಹುಟ್ಟಿ, ಕೊಯಮತ್ತೂರಿನ ಕೆರೆಗಳನ್ನು ತುಂಬಿಸಿ, ತಿರುಪ್ಪೂರನ್ನು ಹಾಯ್ದು, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುವ ಈ ನದಿಯ ಬಾಳು ಸುಖದ್ದಲ್ಲ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಕೊಳೆನೀರು ಸೇರಿ ಕೆಳಗಿನ ಒರತ್ತುಪಾಳೆಯಂ ಅಣೆಕಟ್ಟೆಯ ನೀರು ಬೇಸಾಯಕ್ಕೆ ಬಾರದಂತಾಯಿತು. 2011ರಲ್ಲಿ ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನು ಮುಚ್ಚುವಂತೆ ಆಜ್ಞೆ ಮಾಡಬೇಕಾಯಿತು. "ನಾವು ಹಾಕಿಕೊಳ್ಳುವ ಬನಿಯನ್ನಿನ ಬಣ್ಣವೇ?" ಎಂದು ಮಗಳು ಕೇಳಿದಾಗ ಹೌದೆಂದೆವು. ಪ್ರವಾಸದಲ್ಲಿ ಮಕ್ಕಳಿಗೆ ಚೆಂದದ್ದನ್ನು ಮಾತ್ರ ತೋರಿಸಬೇಕೆಂಬ ನಿಯಮವಿಲ್ಲ.

ಎರಡನೆಯ ದಿನ ಸಾಡಿವಯಲಿನ ದಾರಿಯಲ್ಲಿ ಕೋವೈ ಕುಟ್ರಾಲಂ ಜಲಪಾತ. ಅರಣ್ಯ ಇಲಾಖೆಯವರು ತಪಾಸಣೆಯ ಸ್ಥಳದಲ್ಲಿ ಚೀಟಿ ಕೊಟ್ಟು, ಚೀಲಗಳಲ್ಲಿ ಪ್ಲಾಸ್ಟಿಕ್ ಇದ್ದರೆ ತೆಗೆದಿಡಿಸಿ ಒಳಕ್ಕೆ ಬಿಡುತ್ತಾರೆ. ಮುಂಗಾರು ಬಿದ್ದ ಮೇಲೆ ನೀರು ಹೆಚ್ಚಿ ಆಗಾಗ ಪ್ರವೇಶವೇ ನಿಲ್ಲುವುದುಂಟು. ಆದುದರಿಂದ ಎಳೆಯ ಮಕ್ಕಳಿರುವವರಿಗೆ ಮೇ ತಿಂಗಳ ತೆಳುಧಾರೆಯೇ ಕ್ಷೇಮ. ಆ ಕಾಡಿನ ಆಚೆಗೆ ಕೇರಳದ ನೆಲದಲ್ಲಿ ಶಿರುವಾಣಿ ಅಣೆಕಟ್ಟೆ ಇದೆ. ರುಚಿಗೆ ಹೆಸರಾದ ಆ ನೀರು ಬೆಟ್ಟದ ಸುರಂಗದ ಮೂಲಕ ಗಡಿ ದಾಟಿ ಕೊಯಮತ್ತೂರಿನ ಮನೆಮನೆಗೆ ಬರುತ್ತದೆ. ಮಲಯಾಳದ ಮಳೆ ತಮಿಳುನಾಡಿನ ಕೊಡದಲ್ಲಿ ತುಂಬಿ ಕನ್ನಡದ ಮನೆಯಲ್ಲಿ ಅನ್ನವಾಗುವ ಬಗೆಯನ್ನು ಮಕ್ಕಳು ಅಲ್ಲಿ ಕೇಳಿ ತಿಳಿದರು. ವೆಳ್ಳಿಯಂಗಿರಿಯ ಏಳು ಬೆಟ್ಟಗಳನ್ನು ಹತ್ತುವ ವಯಸ್ಸು ಮಕ್ಕಳಿಗಿಲ್ಲವಾಗಿ ಪೂಂಡಿಯ ಗುಡಿಯಲ್ಲಿಯೇ ಕೈಮುಗಿದು ಹಿಂದಿರುಗಿದೆವು.

ಮೂರನೆಯ ದಿನ ತಿರುಪ್ಪೂರು ಜಿಲ್ಲೆಯ ಅವಿನಾಶಿ. ಅಲ್ಲಿನ ಕಥೆ ಮಕ್ಕಳಿಗೆಂದೇ ಹುಟ್ಟಿದಂತಿದೆ. ಒಂದು ಬೀದಿಯಲ್ಲಿ ಎದುರುಬದುರಾಗಿ ಎರಡು ಮನೆಗಳು. ಒಂದರಲ್ಲಿ ಉಪನಯನದ ಮಂಗಳವಾದ್ಯ, ಇನ್ನೊಂದರಲ್ಲಿ ಅಳು. ಜೊತೆಯಾಗಿ ಆಡುತ್ತಿದ್ದ ಇಬ್ಬರು ಬಾಲಕರಲ್ಲಿ ಒಬ್ಬನನ್ನು ಹಿಂದೆ ಮೊಸಳೆ ನುಂಗಿದ್ದಿತಂತೆ. ಆ ದಾರಿಯಾಗಿ ಬಂದ ಸುಂದರಮೂರ್ತಿಗಳು ಹಾಡಲು, ಮೊಸಳೆಯು ಆ ಬಾಲಕನನ್ನು ಕಳೆದ ವರ್ಷಗಳಿಗೆ ತಕ್ಕಷ್ಟು ಬೆಳೆದವನನ್ನಾಗಿ ಹೊರಕ್ಕೆ ತಂದಿತಂತೆ. "ಮೊಸಳೆ ಹೊಟ್ಟೆಯಲ್ಲಿ ಅವನಿಗೆ ಊಟ ಹಾಕಿದ್ದು ಯಾರು?" ಎಂಬ ಮಗನ ಪ್ರಶ್ನೆಗೆ ಅತ್ತೆಯವರು, "ದೇವರೇ ಕಣೋ" ಎಂದು ಸುಲಭವಾಗಿ ಪಾರಾದರು. ತಮಿಳರು ಸುಂದರರೆಂದು ಪೂಜಿಸುವ ಈ ಶಿವಭಕ್ತರನ್ನೇ ನಮ್ಮ ಹರಿಹರ ಕವಿ ನಂಬಿಯಣ್ಣನೆಂದು ಕರೆದು ರಗಳೆ ರಚಿಸಿದ್ದಾನೆ. ಗಡಿಯ ಈಚೆಯ ಕಥೆ ಎಂಟು ಶತಮಾನಗಳ ಹಿಂದೆಯೇ ಹಂಪೆಯವರೆಗೆ ನಡೆದು ಹೋಗಿದ್ದಿತೆಂದ ಮೇಲೆ, ನಾವು ಹಂಪೆಯ ನಾಡಿಗೆ ಒಂದು ದಿನ ನಡೆದು ಬರುವುದು ಹೆಚ್ಚೇನಲ್ಲ.

ಒಂದು ದಿನ ವಿಶ್ರಾಂತಿ ಪಡೆದು, ಐದನೆಯ ದಿನ ನಸುಕಿನಲ್ಲಿಯೇ ಸತ್ಯಮಂಗಲದ ದಾರಿ ಹಿಡಿದೆವು. ಬಣ್ಣಾರಿ ಅಮ್ಮನಿಗೆ ಕೈಮುಗಿದು ಮುಂದೆ ಸಾಗಿದರೆ ದಿಂಬಂ ಘಟ್ಟ. ಇಪ್ಪತ್ತೇಳು ಕಡಿದಾದ ತಿರುವುಗಳು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಲಾದ ಕಾಡಿದು. ಕಾಡುಪ್ರಾಣಿಗಳ ರಕ್ಷಣೆಗಾಗಿ 2022ರಿಂದ ರಾತ್ರಿಯ ಹೊತ್ತು ವಾಹನಸಂಚಾರಕ್ಕೆ ನಿರ್ಬಂಧವಿರುವುದರಿಂದ ಹಗಲಿನಲ್ಲಿಯೇ ಹೋಗಿ ಹಗಲಿನಲ್ಲಿಯೇ ಇಳಿಯುವಂತೆ ಲೆಕ್ಕ ಹಾಕಿಕೊಳ್ಳಬೇಕು. ಒಂಬತ್ತನೆಯ ತಿರುವಿಗೆ ಮಗನಿಗೆ ವಾಂತಿಯಾಯಿತು. ನಿಂಬೆಹಣ್ಣು ಮೂಸಿಸಿ, ತಣ್ಣೀರು ಕುಡಿಸಿ, ತಿರುವುಗಳ ಸಂಖ್ಯೆಯನ್ನು ಎಣಿಸುವ ಕೆಲಸ ಒಪ್ಪಿಸಿದೆವು. ಮಿಕ್ಕ ಹದಿನೆಂಟನ್ನು ತಪ್ಪದೆ ಎಣಿಸಿದನು.

ಘಟ್ಟದ ಮೇಲೆ ಗಾಳಿ ತಣ್ಣಗಾಯಿತು. ತಾಳವಾಡಿಯ ಸೀಮೆ ಇಂದು ಈರೋಡು ಜಿಲ್ಲೆಯದು; 1979ರವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದಿತು. ನಾಡೆಲ್ಲ ಬಲ್ಲ ನಟ ರಾಜಕುಮಾರರ ದೊಡ್ಡಗಾಜನೂರು ಇರುವುದು ಇಲ್ಲಿಯೇ. 2000ದ ಜುಲೈ 30ರಂದು ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ್ದೂ ಇಲ್ಲಿಂದಲೇ. ತಮಿಳುನಾಡಿನ ನೆಲವಾದರೂ ಕನ್ನಡದ ಮಾತು, ಕನ್ನಡದ ಶಾಲೆ. ದೀಪಾವಳಿಯಾದ ಮೇಲೆ ಗುಮಟಾಪುರದಲ್ಲಿ ಸಗಣಿಯ ಉಂಡೆಗಳನ್ನು ಒಬ್ಬರ ಮೇಲೊಬ್ಬರು ಎರಚಿ ಗೋರೆಹಬ್ಬ ಆಚರಿಸುತ್ತಾರೆಂದು ತಿಳಿದಾಗ, ಆ ಹಬ್ಬಕ್ಕೆ ಮತ್ತೆ ಬರಲೇಬೇಕೆಂದು ಮಗನು ಹಟ ಹಿಡಿದನು.

ಅಲ್ಲಿಯ ಒಂದು ಸಣ್ಣ ಅಂಗಡಿಯ ಮುಂದೆ ಕಾರು ನಿಂತಿತು. ಅತ್ತೆಯವರು ಓದು ಬಾರದವರು. ಹಲಗೆಯನ್ನು ತೋರಿಸಿ, "ಏನಂತ ಬರ್ದದೆ ಮಗಾ?" ಎಂದು ಮೊಮ್ಮಗಳನ್ನು ಕೇಳಿದರು. ಮಗಳು ತಡವರಿಸಿ, ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿ, ಕೊನೆಗೆ ಓದಿಯೇ ಬಿಟ್ಟಳು: "ದಿನಸಿ ಅಂಗಡಿ." ಅತ್ತೆಯವರು ಒಳಕ್ಕೆ ಹೋಗಿ ಬೆಲ್ಲದ ಬೆಲೆಯನ್ನು ಅಭ್ಯಾಸಬಲದಿಂದ ತಮಿಳಿನಲ್ಲಿ ಕೇಳಿದರು. ಅಂಗಡಿಯವನು, "ಎಷ್ಟು ಬೇಕವ್ವಾ?" ಎಂದನು. ಒಂದು ಕ್ಷಣ ಅವರು ಸುಮ್ಮನೆ ನಿಂತರು. ಆಮೇಲೆ ಬೆಲ್ಲ, ಕಡಲೆ, ಊದುಬತ್ತಿ, ಬೇಕಾದುದನ್ನೂ ಬೇಡವಾದುದನ್ನೂ ಕನ್ನಡದಲ್ಲಿ ಕೇಳಿ ಕೇಳಿ ಕೊಂಡರು, ಚೌಕಾಸಿಯನ್ನೂ ಮಾಡಿದರು. ಎಪ್ಪತ್ತು ವರ್ಷದ ಬಾಳಿನಲ್ಲಿ ಗುರುತಿಲ್ಲದವರ ಅಂಗಡಿಯಲ್ಲಿ ತಮ್ಮ ಮಾತಿನಲ್ಲಿ ವ್ಯಾಪಾರ ಮಾಡಿದ್ದು ಅದೇ ಮೊದಲೆಂದು ಕಾರಿನಲ್ಲಿ ಕುಳಿತ ಮೇಲೆ ಹೇಳಿದರು. ಯಾರೂ ಏನೂ ಮಾತನಾಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಾಮರಾಜನಗರ ಸೇರಿದೆವು. ಅರಿಕುಠಾರವೆಂದು ಹೆಸರಿದ್ದ ಈ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಊರಿನ ಬೀದಿಯಲ್ಲಿ ಮಗಳ ಕಣ್ಣು ಗುಡಿಗಿಂತ ಹೆಚ್ಚಾಗಿ ಫಲಕಗಳ ಮೇಲಿದ್ದಿತು. ಔಷಧಾಲಯ, ಹೊಲಿಗೆ ಅಂಗಡಿ, ಬಸ್ಸಿನ ಹಣೆಬರಹ, ಎಲ್ಲವನ್ನೂ ಗಟ್ಟಿಯಾಗಿ ಓದಿದಳು. 'ಕೊಳ್ಳೇಗಾಲ' ಎಂಬ ಫಲಕದ ಬಸ್ಸನ್ನು ಕಂಡಾಗ ನಮ್ಮ ಯಜಮಾನರು, 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾಗುವವರೆಗೆ ಆ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತೆಂದು ತಿಳಿಸಿದರು. "ಹಾಗಾದರೆ ನಾವು ದೂರದವರಲ್ಲ," ಎಂದಳು ಮಗಳು.

ದೂರದವರಲ್ಲ, ನಿಜ. ಆದರೆ ಹತ್ತಿರದವರಾಗಿ ಉಳಿಯುವುದು ತಾನಾಗಿ ಆಗುವ ಕೆಲಸವಲ್ಲ. ಅತ್ತೆಯವರಿಗೆ ಮಾತುಂಟು, ಅಕ್ಷರವಿಲ್ಲ. ನಮಗೆ ಎರಡೂ ಉಂಟು. ಮಕ್ಕಳಿಗೆ ಮಾತೂ ಸವೆಯುತ್ತಿದೆ. ಮಗಳು ಸಿಟ್ಟು ಬಂದಾಗ ತಮಿಳಿನಲ್ಲಿ ಬೈಯುತ್ತಾಳೆ, ಲೆಕ್ಕವನ್ನು ಇಂಗ್ಲಿಷಿನಲ್ಲಿ ಮಾಡುತ್ತಾಳೆ, ಅಜ್ಜಿಯ ಬಳಿ ಮಲಗಿದಾಗ ಮಾತ್ರ ಕನ್ನಡ. ಅಜ್ಜಿಯ ಕಾಲದ ನಂತರ ಆ ಮಾತಿಗೆ ಮನೆಯಲ್ಲಿ ಯಾರ ಮಡಿಲು? ಒಂದು ದಿನದ ಪ್ರಯಾಣದಿಂದ ಈ ಪ್ರಶ್ನೆ ತೀರಿತೆಂದು ನಾವು ಹೇಳಲಾರೆವು. ತಮಿಳನ್ನು ಮಕ್ಕಳು ಚೆನ್ನಾಗಿ ಕಲಿಯಲಿ; ಅನ್ನ ಕೊಟ್ಟ ನೆಲದ ಮಾತು ಅದು. ಮನೆಯ ಮಾತಿಗೂ ಅಕ್ಷರವಿದೆ, ಆ ಅಕ್ಷರದಲ್ಲಿ ಬಸ್ಸು ಓಡುತ್ತದೆ, ಬೆಲ್ಲ ಮಾರುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ಮಗು ಅದನ್ನು ಕೀಳೆಂದು ಬಗೆಯುವುದಿಲ್ಲ ಎಂಬಷ್ಟು ಭರವಸೆ ನಮಗೆ ಬಂದಿದೆ.

ಮಕ್ಕಳೊಡನೆ ಹೊರಡುವ ಸೋದರಿಯರಿಗೆ ಕೆಲವು ಮಾತುಗಳು. ದಿನಕ್ಕೆ ಒಂದೇ ಸ್ಥಳ ಸಾಕು. ಬೆಳಿಗ್ಗೆ ಹತ್ತರೊಳಗೆ ನೋಡುವುದನ್ನು ನೋಡಿ, ಬಿಸಿಲೇರುವ ಮೊದಲು ನೆರಳು ಸೇರಿರಿ. ಮೊಸರನ್ನ, ಪುಳಿಯೋಗರೆ, ಕಾಯಿಸಿ ಆರಿಸಿದ ನೀರು ಮನೆಯಿಂದಲೇ ಇರಲಿ. ಘಟ್ಟ ಹತ್ತುವ ದಿನ ಮಕ್ಕಳಿಗೆ ಹೊಟ್ಟೆ ತುಂಬ ಉಣಿಸಬೇಡಿರಿ. ಅಜ್ಜಿ ತಾತಂದಿರನ್ನು ಬಿಟ್ಟು ಹೋಗಬೇಡಿರಿ. ದಾರಿಯ ಕಥೆಗಳು ಇರುವುದು ಅವರ ಬಳಿ. ಒಂದು ಬರಹದ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು, ಕಂಡ ಊರುಗಳ ಹೆಸರನ್ನಾದರೂ ಕನ್ನಡದಲ್ಲಿ ಬರೆಯಿಸಿರಿ. ನಮ್ಮ ಮಗಳ ಪುಸ್ತಕದಲ್ಲಿ ಈಗ ಹನ್ನೊಂದು ಊರುಗಳಿವೆ. 'ದಿಂಬಂ' ಎಂಬುದಕ್ಕೆ ಅವಳು ಸೊನ್ನೆಗಳನ್ನು ಬಹಳ ದೊಡ್ಡದಾಗಿ ಬರೆದಿದ್ದಾಳೆ. ಹನ್ನೆರಡನೆಯದಾಗಿ ಮುಂದಿನ ರಜೆಗೆ ಬಿಳಿಗಿರಿರಂಗನ ಬೆಟ್ಟವೆಂದು ಈಗಲೇ ಗುರುತು ಹಾಕಿಟ್ಟಿದ್ದಾಳೆ. ಅಜ್ಜಿಯ ಮೊಣಕಾಲು ಒಪ್ಪಿದರೆ ಅಲ್ಲಿಗೂ ಎಲ್ಲರೂ ಕೂಡಿಯೇ ಹೋಗುತ್ತೇವೆ.