ಒಂದು ಹುಳಿ ಸೀಸನ್ನು

ನಮ್ಮ ಬೀದಿಯ ಹಣ್ಣಿನ ಗಾಡಿಯವನಿಗೆ ಸೀಸನ್ ಅಂದರೆ ಒಂದೇ, ಮಾವಿನದು. ಏಪ್ರಿಲ್ ಮೊದಲ ವಾರ ಆಸೆ ತಡೆಯಲಾರದೆ ಕೊಂಡ ಬಾದಾಮಿ ಹುಳಿ ಹೊಡೆದರೆ ಅವನು ತಪ್ಪನ್ನು ತನ್ನ ಮೇಲೂ ಹಾಕಿಕೊಳ್ಳುವುದಿಲ್ಲ, ಹಣ್ಣಿನ ಮೇಲೂ ಹಾಕುವುದಿಲ್ಲ. "ಸೀಸನ್ ಇನ್ನೂ ಸರಿಯಾಗಿ ಶುರುವಾಗಿಲ್ಲ ಸಾರ್" ಅನ್ನುತ್ತಾನೆ. ನಾನೂ ಒಪ್ಪಿಕೊಂಡು, ಹುಳಿ ಹಣ್ಣನ್ನು ಮನೆಗೆ ತಂದು ಗೊಜ್ಜು ಮಾಡಿಸುತ್ತೇನೆ.

ಟೀವಿ ಧಾರಾವಾಹಿಗೂ ಸೀಸನ್ ಇರುತ್ತದೆ ಎನ್ನುವುದು ನನಗೆ ಗೊತ್ತಾದದ್ದು ತಡವಾಗಿ. ಅದೂ ಅಮೆರಿಕದವರ ಮಾತು. ಇಂಗ್ಲೆಂಡಿನವರು ಅದನ್ನೇ ಸೀರೀಸ್ ಎನ್ನುತ್ತಾರೆ. ನಮ್ಮ ಧಾರಾವಾಹಿಗಳಿಗೆ ಎರಡರ ಗೊಡವೆಯೂ ಇಲ್ಲ. ಶುರುವಾದ ಮೇಲೆ ನಾಯಕಿಗೆ ಮಗುವಾಗಿ, ಆ ಮಗುವಿಗೆ ಮದುವೆಯಾಗಿ, ಬೀಗರ ಜಗಳ ಮುಗಿಯುವವರೆಗೂ ಓಡುತ್ತಲೇ ಇರುತ್ತವೆ. ಅಷ್ಟು ಉದ್ದದ ಓಟದಲ್ಲಿ ಯಾವ ಕಂತು ಸಪ್ಪೆ, ಯಾವುದು ಖಾರ ಎಂದು ಲೆಕ್ಕ ಇಟ್ಟವರಾರು? ಇಂಗ್ಲೆಂಡಿನ ಹಾಸ್ಯ ಧಾರಾವಾಹಿಯ ಒಂದು ಸೀಸನ್ನಿಗೆ ಸಾಮಾನ್ಯವಾಗಿ ಆರೇ ಕಂತು. ಒಬ್ಬರೋ ಇಬ್ಬರೋ ಕೂತು ಬರೆಯುತ್ತಾರೆ. 'ಫಾಲ್ಟಿ ಟವರ್ಸ್' 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡಕ್ಕೆ ಅಂಗಡಿ ಮುಚ್ಚಿಕೊಂಡಿತು. ಆರರಲ್ಲಿ ಎರಡು ಕೆಟ್ಟರೆ ಸೀಸನ್ನಿನ ಮೂರರಲ್ಲೊಂದು ಪಾಲು ಹೋದಂತೆ. ಕಿಲೋಗೆ ಕೆಲವೇ ತೂಗುವ ಮಲಗೋವ ಕೊಂಡವನ ಎದೆ ಹೊಡೆದುಕೊಳ್ಳುವುದು ಹೀಗೆಯೇ.

ನಾನು ಕೊಂಡದ್ದು 'ಬ್ಲ್ಯಾಕ್ ಆಡರ್'. ಡೀವೀಡಿಗಳ ಕಾಲ ಮುಗಿಯುತ್ತ ಬಂದಿದ್ದಾಗ ಅರ್ಧ ಬೆಲೆಗೆ ಸಿಕ್ಕ ಪೆಟ್ಟಿಗೆ, ಒಳಗೆ ನಾಲ್ಕೂ ಸೀಸನ್ನು. ಮಿಸ್ಟರ್ ಬೀನ್ ಆಗಿ ನಮ್ಮೂರ ಮಕ್ಕಳಿಗೂ ಗೊತ್ತಿರುವ ರೋವನ್ ಅಟ್ಕಿನ್‌ಸನ್ ಬೀನ್ ಆಗುವ ಮುಂಚೆ ಮಾಡಿದ್ದು ಇದು. (ಆತ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಬೆಂಗಳೂರಿನಲ್ಲಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರಾಗಿ, ಆಫೀಸಿನ ರಾಜ್ಯೋತ್ಸವದಲ್ಲಿ ಮಿಮಿಕ್ರಿ ಮಾಡಿಕೊಂಡಿರುತ್ತಿದ್ದ.) ಬಲ್ಲವರೆಲ್ಲ ನನಗೆ ಕೊಟ್ಟ ಬುದ್ಧಿಮಾತು ಒಂದೇ: ಮೊದಲ ಸೀಸನ್ ಬಿಟ್ಟುಬಿಡು, ಎರಡರಿಂದ ಶುರು ಮಾಡು. ಆದರೆ ದುಡ್ಡು ಕೊಟ್ಟದ್ದು ನಾಲ್ಕಕ್ಕೆ. ಬಿಡುವ ಜಾತಿ ನಮ್ಮದಲ್ಲ.

ಆ ಮೊದಲ ಸೀಸನ್ ಬೀಬೀಸಿಯಲ್ಲಿ ಬಂದದ್ದು 1983ರ ಜೂನ್ ಮತ್ತು ಜುಲೈಯಲ್ಲಿ. ಬರೆದವರು ಅಟ್ಕಿನ್‌ಸನ್ ಮತ್ತು ಅವರ ಆಕ್ಸ್‌ಫರ್ಡ್ ದಿನಗಳ ಗೆಳೆಯ ರಿಚರ್ಡ್ ಕರ್ಟಿಸ್. ಕಥೆಯ ಕಾಲ 1485, ಬಾಸ್ವರ್ತ್ ಕದನ. ಚರಿತ್ರೆಯ ಪ್ರಕಾರ ಮೂರನೇ ರಿಚರ್ಡ್ ಆ ಕದನದಲ್ಲಿ ಸೋತು ಸತ್ತ. ಇವರ ಕಥೆಯಲ್ಲಿ ಗೆಲ್ಲುತ್ತಾನೆ. ಗೆದ್ದ ಮೇಲೆ, ತನ್ನ ಕುದುರೆ ಕದಿಯಲು ಬಂದ ಕಳ್ಳನೆಂದುಕೊಂಡು ಎಡ್ಮಂಡ್ ಎಂಬ ಪೆದ್ದು ರಾಜಕುಮಾರ ಅವನ ತಲೆ ಹಾರಿಸಿಬಿಡುತ್ತಾನೆ. ಯುದ್ಧದ ದಿನ ಹೊತ್ತಿಗೆ ಸರಿಯಾಗಿ ಏಳದೆ ಮಲಗಿಬಿಟ್ಟಿದ್ದವನ ಏಕೈಕ ಸಾಧನೆ ಅದು. ಶೇಕ್ಸ್‌ಪಿಯರನ ಮಾತುಗಳನ್ನು ಚಿಂದಿ ಮಾಡಿ ಬಳಸಿಕೊಂಡು, ಕೊನೆಯಲ್ಲಿ ಹೆಸರುಗಳ ಸಾಲಿನಲ್ಲಿ 'ಹೆಚ್ಚುವರಿ ಸಂಭಾಷಣೆ' ಎಂದು ಆ ಮಹಾನುಭಾವನಿಗೂ ಒಂದು ಜಾಗ ಕೊಟ್ಟಿದ್ದಾರೆ. ನಮ್ಮಲ್ಲಿ ಕುಮಾರವ್ಯಾಸನಿಗೆ ಹೀಗೆ ಮಾಡುವ ಧೈರ್ಯ ಯಾರಿಗಿದೆಯೋ!

ಮೊದಲ ಕಂತಿಗೇ ನನಗೆ ಹುಳಿ ನಾಲಿಗೆಗೆ ತಾಗಿತು. ಯಾಕೆಂದು ಯೋಚಿಸಿದೆ. ತಮಾಷೆ ಇದೆ, ನಟರು ಒಬ್ಬರಿಗಿಂತ ಒಬ್ಬರು. ಆದರೆ ಕೋಟೆ ನಿಜವಾದದ್ದು. ಉತ್ತರ ಇಂಗ್ಲೆಂಡಿನ ಆಲ್ನಿಕ್ ಕೋಟೆ, ಮುಂದೆ ಹ್ಯಾರಿ ಪಾಟರ್ ಪೊರಕೆಯ ಮೇಲೆ ಹಾರಲು ಕಲಿತದ್ದೂ ಅದರ ಅಂಗಳದಲ್ಲೇ. ಕುದುರೆಗಳು ನಿಜ, ಬಯಲು ನಿಜ, ಮೈ ಕೊರೆಯುವ ಚಳಿ ನಿಜ. ನಟನ ಬಾಯಿಂದ ಹೊರಬಿದ್ದ ನಗೆಮಾತು ಆ ಬಯಲನ್ನು ದಾಟಿ ನಮ್ಮ ಹತ್ತಿರ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಎದುರಿಗೆ ಜನರೂ ಇರಲಿಲ್ಲ. ಚಿತ್ರೀಕರಣವೆಲ್ಲ ಮುಗಿದ ಮೇಲೆ ಸಭಿಕರನ್ನು ಕೂರಿಸಿ, ತೋರಿಸಿ, ಅವರ ನಗುವನ್ನು ಹಿಡಿದು ಸೇರಿಸಿದರು. ಊಟ ಮುಗಿದ ಮೇಲೆ ಉಪ್ಪು ಬಡಿಸಿದ ಹಾಗೆ. ನಗುವವರು ಎದುರಿಗಿದ್ದರೆ ನಟ ಅರೆಗಳಿಗೆ ಕಾಯುತ್ತಾನೆ, ಇಲ್ಲವೇ ಅವಸರ ಮಾಡುತ್ತಾನೆ. ಇಲ್ಲಿ ಕಾಯುವುದಕ್ಕೆ ಯಾರಿದ್ದರು, ಕುದುರೆ ಬಿಟ್ಟು?

ಕಂತಿನಿಂದ ಕಂತಿಗೂ ಒಂದೇ ಸಮ ಇಲ್ಲ. ಎರಡನೆಯದು ಎಳೆಯುತ್ತದೆ. ಮೂರನೆಯದು, 'ದಿ ಆರ್ಚ್‌ಬಿಷಪ್', ಅಪ್ಪಟ ರಸಪುರಿ. ಸಾಯಲು ಮಲಗಿದ ಜಮೀನುದಾರರೆಲ್ಲ ನರಕದ ಭಯಕ್ಕೆ ಆಸ್ತಿಯನ್ನು ಚರ್ಚಿಗೆ ಬರೆಯುತ್ತಿದ್ದಾರೆ, ರಾಜನಿಗೆ ಉರಿ. ಹಾಗಾಗಿ ಆರ್ಚ್‌ಬಿಷಪ್‌ಗಳು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದಾರೆ. ಆ ಕುರ್ಚಿಗೆ ಎಡ್ಮಂಡನ ನೇಮಕ. ಈಗ ಅವನು ಸಾಯುತ್ತಿರುವ ಒಬ್ಬ ಪ್ರಭುವಿನ ಹಾಸಿಗೆ ಪಕ್ಕ ಕೂತು, ನರಕವೇ ನಿಮಗೆ ಒಗ್ಗುವ ಜಾಗ ಎಂದು ಒಪ್ಪಿಸಬೇಕು. ನಾಲ್ಕನೆಯದರಲ್ಲಿ ಸ್ಪೇನಿನ ರಾಜಕುಮಾರಿಯಾಗಿ ಮಿರಿಯಂ ಮಾರ್ಗೊಲಿಸ್. ಅವಳ ಪ್ರಣಯವನ್ನೆಲ್ಲ ಪಕ್ಕದಲ್ಲಿ ನಿಂತು, ಕೋರ್ಟಿನ ಅಮೀನನ ದನಿಯಲ್ಲಿ ಅನುವಾದಿಸುವ ದುಭಾಷಿಯಾಗಿ ಜಿಮ್ ಬ್ರಾಡ್‌ಬೆಂಟ್. ಐದನೆಯದು ಮಾಟಗಾತಿ ಬೇಟೆಯ ಕಥೆ. ಅದರಲ್ಲಿ ಕುದುರೆಯನ್ನೂ ವಿಚಾರಣೆಗೆ ಎಳೆಯುತ್ತಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಅಷ್ಟು ಒಳ್ಳೆಯ ಸರಕನ್ನು ಅಷ್ಟು ನಿಧಾನವಾಗಿ ಬೇಯಿಸಬಾರದಿತ್ತು. ವಿಚಿತ್ರವೆಂದರೆ ಈ ಏರಿಳಿತದ ಸರಣಿಗೇ 1983ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದರೂ, ಮರುವರ್ಷ ಬೀಬೀಸಿ ಒಂದನೇ ವಾಹಿನಿಯ ಮುಖ್ಯಸ್ಥನಾಗಿ ಬಂದ ಮೈಕೆಲ್ ಗ್ರೇಡ್ ಖರ್ಚಿನ ಪಟ್ಟಿ ನೋಡಿ, ಸಾಕು ಅಂದನಂತೆ.

ಎರಡನೇ ಸೀಸನ್ ಬಂದದ್ದು 1986ರಲ್ಲಿ, ಕೈ ಬಿಗಿ ಹಿಡಿದು. ಕೋಟೆ ಹೋಯಿತು, ಕುದುರೆ ಹೋಯಿತು, ಸ್ಟುಡಿಯೋದ ನಾಲ್ಕು ಗೋಡೆ ಉಳಿಯಿತು, ಎದುರಿಗೆ ಜನ ಬಂದು ಕೂತರು. ಬರೆಯುವ ಕೆಲಸವನ್ನು ಅಟ್ಕಿನ್‌ಸನ್ ಬೆನ್ ಎಲ್ಟನ್‌ಗೆ ಬಿಟ್ಟುಕೊಟ್ಟರು. ಎಲ್ಲಕ್ಕಿಂತ ದೊಡ್ಡ ಅದಲುಬದಲು: ಮೊದಲ ಸೀಸನ್ನಿನಲ್ಲಿ ಯಜಮಾನ ಪೆದ್ದ, ಆಳು ಬಾಲ್ಡ್ರಿಕ್ ಚುರುಕು, ಇಲ್ಲಿ ಯಜಮಾನ ಕತ್ತಿಯಲಗಿನಂಥ ನಾಲಿಗೆಯವನು, ಆಳು ಹೆಡ್ಡರ ಶಿಖಾಮಣಿ. ಅಲ್ಲಿಂದ 1989ರ ಕೊನೆಯ ಸೀಸನ್ನಿನವರೆಗೆ, ಮೊದಲ ಮಹಾಯುದ್ಧದ ಕಂದಕದಲ್ಲಿ ನಗಿಸುತ್ತಲೇ ಕೊನೆಗೆ ಗಂಟಲು ಕಟ್ಟಿಸುವವರೆಗೆ, ಕಾಲು ಜಾರಿದ್ದು ಕಡಿಮೆ. ಬಲ್ಲವರು ಹೇಳಿದ್ದು ಸರಿ ಎಂದು ತೀರ್ಮಾನಿಸಿ ಸುಮ್ಮನಿರಬಹುದಿತ್ತು. ನಡುವೆ ಅಮ್ಮ ಬಂದಳು.

ಅಮ್ಮ ಸಾಗರದ ಕಡೆಯ ಹಳ್ಳಿಯವಳು. ಇಂಗ್ಲಿಷಿನಲ್ಲಿ ಅವಳಿಗೆ ಬರುವುದು ಬಸ್ಸು, ಟಿಕೆಟ್ಟು, ಬೀಪಿ. ಮಿಸ್ಟರ್ ಬೀನ್ ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕವಳು. ನಾನು ಮೊದಲ ಸೀಸನ್ ಹಾಕಿಕೊಂಡು ಮುಖ ಹುಳ್ಳಗೆ ಮಾಡಿ ಕೂತಿದ್ದಾಗ ಹಿಂದಿನಿಂದ ಬಂದು, "ತಮ್ಮಾ, ಇವ ಅವನೇ ಅಲ್ದಾ?" ಎಂದಳು. ಅಲ್ಲೇ ಕೂತಳು. ನಾನು ದೂರುತ್ತಿದ್ದ ವಸ್ತುಗಳೆಲ್ಲ ಅವಳಿಗೆ ಹಬ್ಬ. ಸೊಟ್ಟ ಮೂತಿ, ಬಟ್ಟಲು ಕವುಚಿಟ್ಟಂಥ ತಲೆಗೂದಲು, ಹೆದರಿದಾಗ ಗಂಟಲಲ್ಲೇ ಕೀರಲಾಗುವ ದನಿ, ಅಷ್ಟಗಲದ ಬಯಲಿನಲ್ಲಿ ಅಷ್ಟು ಪುಟ್ಟ ಆಳು. ನಾನು ಮಾತು ಹುಡುಕುತ್ತಿದ್ದೆ, ಅವಳು ಮುಖ ನೋಡುತ್ತಿದ್ದಳು. ಬೀನ್ ಮೊಳಕೆಯೊಡೆದದ್ದು ಇಲ್ಲಿಯೇ ಇದ್ದರೂ ಇರಬಹುದು ಎಂದು ನನಗೆ ಹೊಳೆದದ್ದು ಅವಳ ನಗು ಕೇಳಿದ ಮೇಲೆ. ಎಲ್ಲರೂ ಹೊಗಳುವ ಎರಡನೇ ಸೀಸನ್ ಹಾಕಿದೆ. ಗಡ್ಡ ಬಿಟ್ಟು ಚಂದ ಕಾಣುವ ಅಟ್ಕಿನ್‌ಸನ್ ಹೆಜ್ಜೆ ಅಲುಗಿಸದೆ ಮಾತಾಡಿದ, ಮಾತಾಡಿದ, ಮಾತಾಡಿದ. ಹತ್ತು ನಿಮಿಷಕ್ಕೆ ಅಮ್ಮ ಎದ್ದಳು. "ಇದೆಂಥ, ಬರೀ ತಾಳಮದ್ದಳೆ. ವೇಷದ್ದೇ ಹಾಕು."

ಅವಳಿಗೆ ಮೊದಲ ಸೀಸನ್ನಿನಲ್ಲಿ ಎಲ್ಲರಿಗಿಂತ ಮೆಚ್ಚುಗೆಯಾದವನು ಎಡ್ಮಂಡನ ಅಪ್ಪ, ರಾಜ ನಾಲ್ಕನೇ ರಿಚರ್ಡ್ ಆಗಿರುವ ಬ್ರಯಾನ್ ಬ್ಲೆಸೆಡ್. ಗುಡ್ಡದಂಥ ಆಳು, ಗಡ್ಡ, ಗುಡುಗು. ಸ್ವಂತ ಕಿರಿಮಗನ ಹೆಸರು ನೆನಪಿರುವುದಿಲ್ಲ, ದಿನಕ್ಕೊಂದು ಹೆಸರು ಹಿಡಿದು ಕರೆಯುತ್ತಾನೆ. ಕೋಣೆಗೆ ಬಂದರೆ ಗೋಡೆ ಅದುರುತ್ತದೆ. ಇದು ಬಣ್ಣದ ವೇಷ, ಸಂಶಯವೇ ಇಲ್ಲ. ಅಮ್ಮ ಹುಡುಗಿಯಾಗಿದ್ದಾಗ ಬಯಲಾಟಕ್ಕೆ ಕಂಬಳಿ ಹೊತ್ತು ಹೋಗುತ್ತಿದ್ದಳಂತೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ಏರೂ ಉಂಟು, ತಗ್ಗೂ ಉಂಟು. ಒಂದು ಹಂತದಲ್ಲಿ ಪಾತ್ರಧಾರಿಗಳು ಅರ್ಥ ಹೇಳುತ್ತ ಹೇಳುತ್ತ ಎಲ್ಲೋ ಹೋಗಿಬಿಡುತ್ತಾರೆ. ದೊಡ್ಡವರು ಚಾ ಕುಡಿಯಲು ಎದ್ದು ಹೋಗುತ್ತಾರೆ, ಮಕ್ಕಳು ಅಲ್ಲೇ ಮಲಗುತ್ತಾರೆ. ಆಟ ಚೆನ್ನಾಗಿರಲಿಲ್ಲ ಎಂದು ಅದಕ್ಕಾಗಿ ಯಾರೂ ದೂರುವುದಿಲ್ಲ. ದೊಂದಿಯ ಬೆಂಕಿ ಎದ್ದು ರಕ್ಕಸನ ಆರ್ಭಟ ಕೇಳುವಾಗ ಪಕ್ಕದವರು ತಟ್ಟಿ ಎಬ್ಬಿಸಿದರೆ ಆಯಿತು.

ಈ ಸಲ ಬೇಸಿಗೆಗೆ ಬಂದಾಗ ಅಮ್ಮ ತಾನಾಗಿ ಆ ಪೆಟ್ಟಿಗೆ ಕೇಳಿದಳು. ಗೊಜ್ಜಿನ ಊಟವಾಗಿತ್ತು, ಹೊರಗೆ ಮಳೆ ಬರುವ ಹಾಗಿತ್ತು. ನಾನು ಬೇಕೆಂದೇ ಐದನೇ ಕಂತು ಹಾಕಿದೆ, ಆ ಮಾಟಗಾತಿಯದು. ಅಮ್ಮ ಏನನ್ನುತ್ತಾಳೋ ನೋಡೋಣ ಎಂದು. ಅದರಲ್ಲಿ ರಾಜ ಕಾಯಿಲೆ ಬಿದ್ದಿರುತ್ತಾನೆ ಎನ್ನುವುದು ನನಗೆ ಮರೆತಿತ್ತು. ಅಮ್ಮ ಸ್ವಲ್ಪ ಹೊತ್ತು ನೋಡಿ, ದಿಂಬು ಎಳೆದುಕೊಂಡು, ಸೋಫಾದ ಮೇಲೆ ಒರಗಿ ಕಣ್ಣು ಮುಚ್ಚಿದಳು.

"ರಾಜ ಬಂದಾಗ ಎಬ್ಸು."