ಆನೆಗುಂದಿಯಲ್ಲಿ ಇಳಿದ ಒಂದು ಭಾನುವಾರ

ಗಂಗಾವತಿಯಿಂದ ಹುಲಿಗಿ ಕಡೆಗೆ ಹೋಗುವ ಬಸ್ಸು ಆನೆಗುಂದಿಯಲ್ಲಿ ನಿಂತಾಗ ಇಳಿಯುವವರು ಕಡಿಮೆ. ಊರಿನವರು, ಸಂತೆ ಸಾಮಾನು ತಂದವರು, ಒಬ್ಬಿಬ್ಬರು ವಿದೇಶಿಯರು, ಅಷ್ಟೆ. ಕೇಸರಿ ಶಲ್ಯ ಹಾಕಿಕೊಂಡ ಹುಡುಗರು, ದೂರದ ಜಿಲ್ಲೆಗಳಿಂದ ಬಂದ ಕುಟುಂಬಗಳು ಸೀಟಿನಲ್ಲೇ ಕುಳಿತಿರುತ್ತಾರೆ. ಅವರು ಇಳಿಯುವುದು ಮೂರ್ನಾಲ್ಕು ಕಿಲೋಮೀಟರ್ ಮುಂದೆ, ಅಂಜನಾದ್ರಿಯ ಬುಡದಲ್ಲಿ. 575 ಮೆಟ್ಟಿಲು ಹತ್ತಿ ಹನುಮಪ್ಪನ ದರ್ಶನ ಮಾಡುತ್ತಾರೆ. ಮೇಲೆ ನಿಂತು ಹೊಳೆ, ಭತ್ತದ ಗದ್ದೆ, ಬಂಡೆಗಲ್ಲುಗಳ ಫೋಟೊ ಹೊಡೆದುಕೊಂಡು ಬಂದ ದಾರಿಯಲ್ಲೇ ವಾಪಸ್ಸಾಗುತ್ತಾರೆ. ಆ ಫೋಟೊದಲ್ಲಿ ಆನೆಗುಂದಿ ಎಲ್ಲೋ ತೆಂಗಿನ ಮರಗಳ ನಡುವೆ ಮರೆಯಾಗಿರುತ್ತದೆ.

ನಾನು ಶ್ರೀರಾಮನಗರದವನು. ಸ್ಟ್ರಿಂಗರ್ ಕೆಲಸಕ್ಕೆಂದು ಆನೆಗುಂದಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ತುಂಗಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಟ್ಟರೆ 64 ಕಂಬದ ಮಂಟಪ ಮುಳುಗಿತು, ನವವೃಂದಾವನಕ್ಕೆ ಹೋಗುವ ದೋಣಿ ನಿಂತಿತು ಎಂದು ಮಳೆಗಾಲಕ್ಕೊಂದು ಸುದ್ದಿ. ಗುಡ್ಡದಲ್ಲಿ ಚಿರತೆ ಕಂಡರೆ ಒಂದು ಸುದ್ದಿ. ಸಚಿವರು ಬಂದರೆ ಇನ್ನೊಂದು. ಡೆಸ್ಕಿನಿಂದ ಬರುವ ಪ್ರಶ್ನೆಯೂ ಅದೇ: ಫೋಟೊ ಇದೆಯಾ? ನೂರು ಪದ ಸಾಕು. ನೂರು ಪದದಲ್ಲಿ ಮಂಟಪ ಹಿಡಿಸುತ್ತದೆ, ಊರು ಹಿಡಿಸುವುದಿಲ್ಲ.

ಹೀಗಾಗಿ ಕಾರ್ತಿಕದ ಒಂದು ಭಾನುವಾರ ಸುದ್ದಿಯ ಕೆಲಸ ಇಟ್ಟುಕೊಳ್ಳದೆ ಹೊರಟೆ. ಜೊತೆಗೆ ಅವ್ವ ಮತ್ತು ಒಂಬತ್ತನೇ ತರಗತಿ ಓದುವ ಅಕ್ಕನ ಮಗಳು. ಅವರಿಬ್ಬರೂ ಆಧಾರ್ ಕಾರ್ಡ್ ತೋರಿಸಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಪಡೆದರು. ದುಡ್ಡು ಕೊಟ್ಟವನು ನಾನೊಬ್ಬನೇ. ಹುಡುಗಿಗೆ ಅಂಜನಾದ್ರಿ ಹತ್ತುವ ಆಸೆ. ಅವ್ವನ ಮೊಣಕಾಲು ಒಪ್ಪಲಿಲ್ಲ. "ಹನುಮಪ್ಪಗ ಕೆಳಗ ನಿಂತು ಕೈ ಮುಗದ್ರೂ ಮುಟ್ಟತೈತಿ" ಎಂದು ಆನೆಗುಂದಿಯಲ್ಲೇ ಇಳಿದುಬಿಟ್ಟಳು. ಇಡೀ ದಿನ ಊರಿಗೆ ಸಿಕ್ಕಿದ್ದು ಹಾಗೆ.

ಆನೆಗುಂದಿಯ ಸುತ್ತ ಇರುವ ಗುಡ್ಡಗಳಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಒಂದರ ಮೇಲೊಂದು ಇಟ್ಟಂತಿರುವ ಬಂಡೆಗಳು ಈಗ ಉರುಳಿಯಾವು ಎನ್ನಿಸುತ್ತವೆ, ಆದರೆ ಯಾವ ಕಾಲದಿಂದಲೋ ಹಾಗೇ ಕುಳಿತಿವೆ. ಗುಡ್ಡದ ಸಂದಿನಲ್ಲಿ ಕೋಟೆ ಗೋಡೆ, ಗೋಡೆಯ ಕೆಳಗೆ ಬಾಳೆ ತೋಟ, ತೋಟ ದಾಟಿದರೆ ಹೊಳೆ. ಊರೊಳಗೆ ರಂಗನಾಥನ ಗುಡಿ, ಅದರ ಹತ್ತಿರ ಗಗನ ಮಹಲು. ಮಹಲಿನ ಆಸುಪಾಸು ಮಣ್ಣಿನ ಮಾಳಿಗೆಯ ಮನೆಗಳು, ಮುಂದೆ ಕಟ್ಟೆ, ಕಟ್ಟೆಯ ಮೇಲೆ ಹರಟುವ ಮುದುಕರು. ಪಕ್ಕದಲ್ಲೇ ಸಿಮೆಂಟಿನ ಮನೆ, ಡಿಶ್ ಆಂಟೆನಾ, ಬಾಗಿಲಿಗೆ ಒರಗಿಸಿದ ಬೈಕು. ಹಂಪಿಯಲ್ಲಿ ಅರಮನೆಯ ಅಡಿಪಾಯ ನೋಡಿ ಅಲ್ಲಿ ಹೇಗೆ ಬದುಕಿದ್ದರೋ ಎಂದು ಊಹಿಸಬೇಕು. ಇಲ್ಲಿ ಊಹಿಸುವ ಕೆಲಸವಿಲ್ಲ, ಜನ ಬದುಕುತ್ತಲೇ ಇದ್ದಾರೆ.

ಈ ಊರು ಹಂಪಿಗಿಂತ ಹಿರಿದು ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಅದರಲ್ಲಿ ನಿಜವಿದೆ. 1327ರಲ್ಲಿ ದೆಹಲಿಯ ತುಘಲಕ್ ಸೈನ್ಯದ ಎದುರು ಕಂಪಿಲಿ ರಾಜ್ಯ ಬಿತ್ತು. ಆ ರಾಜ್ಯದ ಕುಮ್ಮಟದುರ್ಗ ಇರುವುದೂ ನಮ್ಮ ಗಂಗಾವತಿ ಸೀಮೆಯಲ್ಲೇ. ಆಮೇಲೆ ಆನೆಗುಂದಿಯ ನೆಲದಿಂದಲೇ ವಿಜಯನಗರ ಚಿಗುರಿತು. ಅದರ ಸ್ಥಾಪನೆಯ ವರ್ಷವನ್ನು 1336 ಎಂದು ಶಾಲೆಯಲ್ಲಿ ಓದಿದ್ದೇವೆ. 1565ರ ಯುದ್ಧದಲ್ಲಿ ಆಚೆ ದಡದ ರಾಜಧಾನಿ ಹಾಳಾಯಿತು. ಈಚೆ ದಡದ ಊರು ಮಾತ್ರ ಜನರನ್ನು ಇಟ್ಟುಕೊಂಡೇ ಉಳಿಯಿತು. ಬ್ರಿಟಿಷರ ಕಾಲದಲ್ಲಿ ಹಂಪಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಆನೆಗುಂದಿ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ಅಂದರೆ ಹರಿಗೋಲಿನಲ್ಲಿ ಹೊಳೆ ದಾಟಿದರೆ ಸರಕಾರವೇ ಬದಲಾಗುತ್ತಿತ್ತು. 1948ರ ಸೆಪ್ಟೆಂಬರಿನವರೆಗೂ ಹೀಗೇ ಇತ್ತು. 1956ರಲ್ಲಿ ಎರಡೂ ದಡಗಳು ಒಂದೇ ರಾಜ್ಯದೊಳಗೆ ಬಂದವು.

ಇದನ್ನೆಲ್ಲ ಹೇಳುತ್ತಿದ್ದಾಗ ಹುಡುಗಿ ಕೇಳಿದಳು: "ಮಾಮಾ, ನಮ್ಮೂರಾಗ ಯಾಕ ಕೋಟಿ ಇಲ್ಲ?"

ಶ್ರೀರಾಮನಗರದ ಮಕ್ಕಳಿಗೆ ಈ ಪ್ರಶ್ನೆ ಬರುವುದು ಸಹಜ. ನಮ್ಮದು ಕ್ಯಾಂಪಾಗಿ ಹುಟ್ಟಿದ ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಕಡೆಯ ರೈತರು ಬಂದು ಇಲ್ಲಿ ಹೊಲ ಕೊಂಡು, ಮಟ್ಟ ಮಾಡಿ, ಭತ್ತ ನಾಟಿದರು. ಬೀದಿಗಳು ನೇರ, ರೈಸ್ ಮಿಲ್ಲುಗಳ ಚಿಮಣಿಗಳೇ ನಮ್ಮ ಗೋಪುರ. ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮನೆಗೆ ಹೋದರೆ ಎರಡೂ. ಊರಿನ ವಯಸ್ಸು ಅವ್ವನ ವಯಸ್ಸಿಗಿಂತ ಬಹಳವೇನೂ ಹೆಚ್ಚಿಲ್ಲ. "ನಮಗ ಕೋಟಿ ಇಲ್ಲ, ಕಾಲುವಿ ಐತಿ" ಎಂದೆ. ಉತ್ತರ ಅವಳಿಗೆ ಅಷ್ಟು ಹಿಡಿಸಲಿಲ್ಲ.

ಹುಚ್ಚಪ್ಪಯ್ಯನ ಮಠದ ನುಣುಪಾದ ಕರಿಕಲ್ಲಿನ ಕಂಬ, ಚಾವಣಿಯಲ್ಲಿ ಉಳಿದ ಹಳೆಯ ಬಣ್ಣ ನೋಡಿಕೊಂಡು ಬರುವಷ್ಟರಲ್ಲಿ ಅವ್ವನಿಗೆ ಕಾಲು ಸೋತಿತು. ಒಂದು ಮನೆಯ ಕಟ್ಟೆಯ ಮೇಲೆ ಕುಳಿತಳು. ಒಳಗಿನಿಂದ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಕೆತ್ತನೆಯ ಬಾಗಿಲು, ದಪ್ಪ ಗೋಡೆ, ಒಳಗೆ ಕಾಲಿಟ್ಟರೆ ತಂಪು. ಅವ್ವ ಅದನ್ನೇ ಹೊಗಳಿದಳು: "ಮಣ್ಣಿನ ಮಾಳಗಿ ತಂಪ ನೋಡವಾ. ನಮ್ಮ ಸ್ಲ್ಯಾಬಿನ ಮನ್ಯಾಗ ಬ್ಯಾಸಗಿಗೆ ಕುಂದ್ರಾಕ ಆಗಂಗಿಲ್ಲ."

"ತಂಪ ಇರತೈತಬೇ, ಇಲ್ಲ ಅನ್ನಂಗಿಲ್ಲ. ವರ್ಷಾ ಮ್ಯಾಲೆ ಹತ್ತಿ ಮಣ್ಣ ಹಾಕಾರು ಯಾರು? ಆಳು ಸಿಗಂಗಿಲ್ಲ. ಮಳಿ ಬಂದ್ರ ಆ ಮೂಲ್ಯಾಗ ಬೋಗಾಣಿ ಇಡತೀವಿ."

ಸ್ಲ್ಯಾಬ್ ಹಾಕಿಸಬಾರದೇ ಎಂದು ಕೇಳಿದೆ. ಅವರು ನಕ್ಕರು.

"ಪರ್ಮಿಷನ್ ಬೇಕಂತ್ರಿ. ಕಾಗದ ಒಯ್ದು ಕೊಟ್ರ ಮತ್ತೊಂದು ಕಾಗದ ತರ್ರಿ ಅಂತಾರ. ಬಂದೋರು ನಮ್ಮ ಬಾಗಲಾ ಫೋಟೊ ಹೊಡಕೊಂಡು ಭಾರಿ ಚೊಲೊ ಐತಿ ಅಂತ ಹೋಗ್ತಾರ. ಒಳಗ ಸೋರೂದು ಯಾರಿಗೆ ಕಾಣತೈತಿ? ಮಗಗ ಹೆಣ್ಣು ನೋಡಾಕತ್ತೀವಿ. ಹೆಣ್ಣಿನ ಕಡ್ಯಾರು ಬಾಗಲಾ ನೋಡಂಗಿಲ್ರಿ, ಮಾಳಗಿ ನೋಡ್ತಾರ."

ಮಗ ಗಂಗಾವತಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲೇ ಬಾಡಿಗೆ ಮನೆ ಹಿಡಿಯುವ ಯೋಚನೆ ನಡೆದಿದೆಯಂತೆ. ಅವನು ಹೋದರೆ ಆ ಮನೆಗೆ ಒಬ್ಬರೇ ಉಳಿಯುತ್ತಾರೆ. ಅವರ ನಂತರ ಬೀಗ.

ಇಂಥ ಮಾತಿನ ಹಿಂದೆ ಒಂದು ಅಂಜಿಕೆಯೂ ಇದೆ. ಹೊಳೆಯಾಚೆ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈನಲ್ಲಿ ತೆರವು ಮಾಡಲಾಯಿತು. ಈಚೆಗಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟ್ ಆದೇಶದ ನಂತರ 2020ರ ಮಾರ್ಚಿನಲ್ಲಿ ನೆಲಸಮವಾದವು. ಎರಡೂ ಪ್ರಕರಣ ಬೇರೆ ಬೇರೆ, ಕಾನೂನಿನ ವಾದಗಳೂ ಬೇರೆ. ಆದರೆ ಆನೆಗುಂದಿಯ ಕಟ್ಟೆಯ ಮೇಲೆ ಕುಳಿತವರಿಗೆ ಎರಡರಲ್ಲೂ ಕಂಡದ್ದು ಜೆಸಿಬಿ. ಪರಂಪರೆ ಎಂಬ ಮಾತು ಕಿವಿಗೆ ಬಿದ್ದರೆ ಅವರಿಗೆ ಮೊದಲು ನೆನಪಾಗುವುದು ಅದೇ.

ನಿಯಮಗಳೇ ಬೇಡ ಎಂದು ನಾನು ಹೇಳಲಾರೆ. ಹಂಪಿಯ ಸ್ಮಾರಕಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1986ರಲ್ಲಿ. 1999ರಲ್ಲಿ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಅದಕ್ಕೆ ಒಂದು ಕಾರಣ ಆನೆಗುಂದಿಯಿಂದ ತಳವಾರಘಟ್ಟಕ್ಕೆ ಕಟ್ಟುತ್ತಿದ್ದ ಸೇತುವೆ. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿ 22ರಂದು ಅದೇ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಈಗ ವಾಹನಗಳಿಗೆ ಕಡೆಬಾಗಿಲು–ಬುಕ್ಕಸಾಗರದ ಸೇತುವೆಯಿದೆ. ಕಾವಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. 2019ರ ಜುಲೈನಲ್ಲಿ ನಿಧಿಗಳ್ಳರು ನವವೃಂದಾವನ ನಡುಗಡ್ಡೆಗೆ ನುಗ್ಗಿ ವ್ಯಾಸರಾಜರ ವೃಂದಾವನವನ್ನೇ ಒಡೆದು ಹಾಕಿದರು. ಭಕ್ತರು ಸೇರಿ ಮತ್ತೆ ನಿಲ್ಲಿಸಿದರು.

ಕಲ್ಲಿಗೆ ಕಾವಲು ಬೇಕು. ಆದರೆ ಗುಡಿಯ ಕಂಬಕ್ಕೂ ಸೋರುವ ಮಾಳಿಗೆಗೂ ಒಂದೇ ಕಾಗದ, ಒಂದೇ ಸಾಲು ಎಂದರೆ ಹೇಗೆ? ಗುಡಿ ಕಾಯುತ್ತದೆ, ಮಳೆ ಕಾಯುವುದಿಲ್ಲ. ಮಾಳಿಗೆಯ ಮಣ್ಣಿನ ಕೆಳಗೆ ನೀರು ಇಳಿಯದಂತೆ ಮಾಡುವ ದಾರಿ, ಎಷ್ಟು ಎತ್ತರ ಕಟ್ಟಬಹುದು, ಯಾವ ಸಾಮಾನು ನಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿದರೆ ಅರ್ಧ ತಕರಾರು ಮುಗಿಯುತ್ತದೆ. ಮಣ್ಣಿನ ಮಾಳಿಗೆ ಉಳಿಸಿಕೊಳ್ಳುವವರಿಗೆ ರಿಪೇರಿಯ ಖರ್ಚಿನಲ್ಲಿ ಪಾಲು ಕೊಟ್ಟರೆ ಇನ್ನರ್ಧ. 2022ರ ರಾಜ್ಯ ಬಜೆಟ್‌ನಲ್ಲಿ ಅಂಜನಾದ್ರಿಯ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಅದೇ ಬೆಟ್ಟದ ಮೇಲಿನಿಂದ ಕಾಣುವ ಊರಿನ ಮಾಳಿಗೆಗಳಿಗೆ ಬೇಕಾದದ್ದು ಅದರಲ್ಲಿ ಎಷ್ಟು ಚೂರು!

ಹಳೆಯ ಮನೆ ಹೊಟ್ಟೆಗೂ ದಾರಿಯಾಗಬಲ್ಲದು ಎಂಬುದಕ್ಕೆ ಊರಲ್ಲೇ ಉದಾಹರಣೆ ಇದೆ. ಶಮಾ ಪವಾರ್ ಅವರು 1997ರಲ್ಲಿ ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಇಲ್ಲಿಯ ಹೆಣ್ಣುಮಕ್ಕಳಿಗೆ ಬಾಳೆ ನಾರಿನಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುವುದನ್ನು ಕಲಿಸಿತು. ಹಳೆಯ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗರು ತಂಗುವಂತೆಯೂ ಮಾಡಿತು. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ಬಾಳೆ ದಿಂಡು ಈಗ ಕೂಲಿ ಕೊಡುತ್ತದೆ. ನಮಗೆ ನೀರು ಕೊಟ್ಟ ಹೆಣ್ಣುಮಗಳೂ ಒಂದಷ್ಟು ದಿನ ನಾರಿನ ಹಗ್ಗ ಹೊಸೆದವರೇ. ಕೂತಲ್ಲೇ ಒಂದು ಎಳೆ ಹೊಸೆದು ತೋರಿಸಿದರು. ಅಕ್ಕನ ಮಗಳು ನಾಲ್ಕು ಸಲ ಹೊಸೆದಳು, ನಾಲ್ಕು ಸಲವೂ ಬಿಚ್ಚಿಕೊಂಡಿತು.

ಮಧ್ಯಾಹ್ನ ಅಲ್ಲೇ ಒಂದು ಮನೆಯಲ್ಲಿ ದುಡ್ಡು ಕೊಟ್ಟು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಅನ್ನ, ಮಜ್ಜಿಗೆ ಊಟ ಮಾಡಿದೆವು. ಆಮೇಲೆ ಹೊಳೆಗೆ ಇಳಿದೆವು. ಮೋಟಾರ್ ದೋಣಿ ಜನರನ್ನು ಆಚೆ ದಡಕ್ಕೆ ಒಯ್ಯುತ್ತಿತ್ತು. ದಡದಲ್ಲಿ ಎರಡು ಹರಿಗೋಲು ಬೋರಲು ಬಿದ್ದಿದ್ದವು. ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಗೆ ಬಂದಿದ್ದಾಗ ಇದೇ ಬುಟ್ಟಿ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಕೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರಂತೆ. ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತಿದ್ದವಂತೆ. ಐನೂರು ವರ್ಷದಲ್ಲಿ ಬದಲಾಗಿದ್ದು ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದದ್ದು. ಆಕಾರ ಅದೇ. ಅದನ್ನು ಹೆಣೆಯುವ ಕೈ ಊರಲ್ಲಿ ಉಳಿದಿದ್ದರಿಂದ ಹರಿಗೋಲು ಉಳಿದಿದೆ.

ಸಂಜೆ ವಾಪಸ್ ಬರುವಾಗ ಬಾಳೆ ತೋಟದ ಬದಿಯಲ್ಲಿ ಒಂದು ಸಣ್ಣ ಕಾಲುವೆ ಹರಿಯುತ್ತಿತ್ತು. ವಿಜಯನಗರದ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಕಲ್ಲು ಒಡ್ಡು ಹಾಕಿ ನೀರು ತಿರುಗಿಸಿದ ಕಾಲುವೆಗಳ ಪೈಕಿ ಅದೂ ಒಂದು. ತುಂಗಭದ್ರಾ ಡ್ಯಾಂ ಬಂದ ಮೇಲೂ ಈ ಹಳೆಯ ಕಾಲುವೆಗಳ ನೀರಿನ ಹಕ್ಕು ಹೋಗಲಿಲ್ಲ, ಅವಕ್ಕೂ ಪಾಲು ಇಟ್ಟಿದ್ದಾರೆ. ಹುಡುಗಿ ಚಪ್ಪಲಿ ಬಿಟ್ಟು ನೀರಿಗೆ ಕಾಲು ಇಳಿಬಿಟ್ಟಳು. "ಇದೂ ನಮ್ಮ ಕಾಲುವಿ ನೀರ ಅಲ್ಲೇನು?" ಎಂದಳು. ಹೌದು, ಹೊಳೆ ಒಂದೇ. ಇವರ ಕಾಲುವೆಗೆ ಐದಾರು ಶತಮಾನ, ನಮ್ಮದಕ್ಕೆ ಎಪ್ಪತ್ತು ವರ್ಷದ ಆಸುಪಾಸು. ಇವರದನ್ನು ಯಾರೂ ಟಿಕೆಟ್ ಕೊಟ್ಟು ನೋಡುವುದಿಲ್ಲ. ರೈತರು ಹೂಳು ತೆಗೆಯುತ್ತ, ಒಡೆದ ಕಡೆ ಕಟ್ಟುತ್ತ ಬಳಸುತ್ತಿರುವುದರಿಂದಲೇ ಅದು ಇವತ್ತಿಗೂ ಹರಿಯುತ್ತಿದೆ. ರಿಪೇರಿ ಮಾಡಬಾರದು ಎಂದಿದ್ದರೆ ಎಂದೋ ಬತ್ತಿ ಸ್ಮಾರಕವಾಗುತ್ತಿತ್ತು.

ಮನೆಗಳಿಗೂ ಇದೇ ಲೆಕ್ಕ ಹಾಕಬೇಕು ಎಂಬುದಷ್ಟೇ ನನ್ನ ಮಾತು. ನೀವು ಅಂಜನಾದ್ರಿಗೆ ಹೊರಟರೆ ಬೆಳಿಗ್ಗೆ ಬೇಗ ಬೆಟ್ಟ ಹತ್ತಿ ಇಳಿದು, ಬಿಸಿಲೇರುವ ಹೊತ್ತಿಗೆ ಆನೆಗುಂದಿಗೆ ಬನ್ನಿ. ಊಟ ಊರೊಳಗೇ ಮಾಡಿ. ಬಾಗಿಲಿನ ಫೋಟೊ ಹೊಡೆಯುವ ಮುನ್ನ ಮನೆಯವರನ್ನು ಒಂದು ಮಾತು ಕೇಳಿ, ಕೂಡ್ರಿ ಎಂದರೆ ಕೂತು ಮಾತಾಡಿ. ಹೊಳೆಯಲ್ಲಿ ಮಾತ್ರ ಈಜಲು ಇಳಿಯಬೇಡಿ, ಬಂಡೆಗಳ ನಡುವಿನ ಸೆಳವು ಮೇಲಿನಿಂದ ಕಾಣುವುದಿಲ್ಲ.

ನಾನು ಬರುವಾಗ ಆನೆಗುಂದಿಯ ಮುಂದಿನ ಗ್ರಾಮಸಭೆ ಯಾವಾಗ ಎಂದು ವಿಚಾರಿಸಿಕೊಂಡು ಬಂದಿದ್ದೇನೆ. ಮಾಳಿಗೆಯ ಮಾತು ಅಲ್ಲಿ ಎತ್ತುತ್ತೇವೆ ಎಂದು ಕಟ್ಟೆಯ ಮೇಲಿನ ಇಬ್ಬರು ಹೇಳಿದ್ದಾರೆ. ಆ ದಿನ ಕ್ಯಾಮೆರಾ ಬಿಟ್ಟು ನೋಟ್‌ಬುಕ್ ಒಯ್ಯುತ್ತೇನೆ. ಸುದ್ದಿ ನೂರು ಪದ ದಾಟುವುದು ಖಾತ್ರಿ. ಡೆಸ್ಕಿನವರಿಗೆ ಈಗಲೇ ಹೇಳಿಟ್ಟಿದ್ದೇನೆ.