ಸಪೂರ ಟೈರಿನ ಭ್ರಮೆ

ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು 30 ಕಿ.ಮೀ. ಮೊದಲೆಲ್ಲ ಸೈಕಲ್ಲಿನ 23 ಮಿ.ಮೀ. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿ ಹೊರಡುತ್ತಿದ್ದೆ. ಸಪೂರ ಇದ್ದಷ್ಟೂ ಸ್ಪೀಡು ಅನ್ನೋ ನಂಬಿಕೆ. ನುಣ್ಣಗಿನ ಡಾಂಬರಿನಲ್ಲಿ ಸರಿ. ಜಲ್ಲಿ ಎದ್ದ ಕಡೆ ಹ್ಯಾಂಡಲ್ ಗಡಗಡ, ಅಂಗೈ ಜೋಮು. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದಿರುತ್ತಿತ್ತು.

"ಹವಾ ಜಾಸ್ತಿ ಆತು ತಮ್ಮಾ, ಇದ್ರಾಗ ಕುದುರಿ ಮ್ಯಾಲೆ ಕುಂತಂಗ ಆಕ್ಕತಿ," ಅಂದಿದ್ದರು ಪಂಕ್ಚರ್ ಅಂಗಡಿಯ ಅಜ್ಜ.

ಈಗ 32 ಮಿ.ಮೀ. ಹಾಕಿದ್ದೀನಿ, ಗಾಳಿಯೂ ಕಡಿಮೆ. ಮೈಕೈ ನೋವಿಲ್ಲ, ತಡವೂ ಆಗುತ್ತಿಲ್ಲ! ಗಟ್ಟಿ ಟೈರು ಪ್ರತಿ ಹರಳಿಗೂ ಸೈಕಲ್ಲನ್ನೂ ನಮ್ಮನ್ನೂ ಎತ್ತಿ ಕುಕ್ಕುತ್ತದೆ. ಆ ಕುಣಿತಕ್ಕೆ ಖರ್ಚಾಗೋದು ನಮ್ಮ ಕಾಲಿನ ಕಸುವೇ. ಅಗಲ ಟೈರು ಹರಳನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ಟೂರ್ ದ ಫ್ರಾನ್ಸ್ ರೇಸಿನವರೂ 23 ಬಿಟ್ಟು 28ರ ಆಸುಪಾಸಿಗೆ ಬಂದಿದ್ದಾರೆ.

ಹಾಗಂತ ಅಗಲಕ್ಕೂ ಮಿತಿ ಬೇಕು. ತೂಕ ಏರುತ್ತದೆ, ಎದುರುಗಾಳಿ ಹಿಡಿಯುತ್ತದೆ. ಮಳೆಗಾಲದಲ್ಲಿ ಸಿರುಗುಪ್ಪದ ಭತ್ತದ ಗದ್ದೆ ಕಡೆ ಹೋದರೆ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ನಿಲ್ಲುತ್ತದೆ. ಆಮೇಲೆ ಸೈಕಲ್ ನಮ್ಮ ಹೆಗಲ ಮೇಲೆ.

ಅಂದಹಾಗೆ, ಹಾಲಿನ ಕ್ಯಾನ್ ನೇತುಹಾಕಿಕೊಂಡು ಬರುವ ಆ ಹಳೇ ಕಪ್ಪು ಸೈಕಲ್ಲಿನ ಟೈರು 28×1½ ಇಂಚು. ಹತ್ತಿರಹತ್ತಿರ 40 ಮಿ.ಮೀ. ನಮ್ಮ ರಸ್ತೆಗೆ ಏನು ಬೇಕು ಅಂತ ಅದಕ್ಕೆ ಮೊದಲೇ ಗೊತ್ತಿತ್ತು.